ಹೊಸದುರ್ಗದ ನಾರು, ಡಿಕ್ಕಿಯೊಳಗಿನ ಗುಡುಗು

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲು ದಾರಿಯಲ್ಲಿ ಹೊಸದುರ್ಗ ರೋಡ್ ಎಂಬ ನಿಲ್ದಾಣವಿದೆ. ಹೆಸರು ನಂಬಿ ಇಳಿದವರಿಗೆ ಊರು ಕಾಣಿಸುವುದಿಲ್ಲ. ಅದಿನ್ನೂ ದೂರ, ರಸ್ತೆ ಹಿಡಿದೇ ಹೋಗಬೇಕು. ಕಣ್ಣಿಗೆ ತೆಂಗಿನ ತೋಟ, ಒಣ ಬಯಲು, ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು. ಕಿವಿಗೆ ಮಾತ್ರ ಎದುರಾಗುವ ಗಾಡಿಗಳ ಹಾಡು. ಹಾಡೆನ್ನುವುದಕ್ಕಿಂತ ಗುದ್ದು ಎನ್ನುವುದೇ ಸರಿ. ಮದುವೆಯ ದಿನಗಳಲ್ಲಂತೂ ಗಾಡಿ ತಿರುವಿನಲ್ಲಿ ಕಾಣಿಸುವ ಮೊದಲೇ ಅದರ ಸದ್ದು ಎದೆಗೆ ಬಂದು ತಾಗುತ್ತದೆ.

ಈ ಗುದ್ದಿನ ಮೂಲ ಸಬ್‌ವೂಫರ್. ಸ್ಪೀಕರನ್ನು ಅಂಗಡಿಯಿಂದ ತಂದು ಪೆಟ್ಟಿಗೆಯನ್ನು ಬಡಗಿಯಿಂದ ಮಾಡಿಸಿಕೊಂಡರೆ ಖರ್ಚು ಕಡಿಮೆ. ಹದಿನೆಂಟು ಮಿಲಿಮೀಟರ್ ಪ್ಲೈವುಡ್, ಅಂಟು, ಸ್ಕ್ರೂ ಸಾಕು. ಆಮೇಲೆ ಬರುವುದು ಗಿರಾಕಿಯ ಪ್ರಶ್ನೆ: ‘ಅಣ್ಣಾ, ಒಳಗೆ ಏನು ಹಾಕ್ತೀರಿ?’

ತೆಂಗಿನ ಸೀಮೆಯಲ್ಲಿ ಮೊದಲು ಕೈಗೆ ಸಿಗುವುದು ನಾರು. ಆದರೆ ಬಿಡಿ ನಾರು ಇದಕ್ಕೆ ಆಗದು. ಎಳೆ ಉದುರಿ ಸ್ಪೀಕರಿನ ಸುರುಳಿಯ ಸಂದಿಗೆ ಹೊಕ್ಕರೆ ಕರಕರ ಶುರುವಾಗುತ್ತದೆ. ಹಾಸಿಗೆಗೆ ಬಳಸುವ, ರಬ್ಬರು ಹಾಲು ಹಿಡಿಸಿದ ನಾರಿನ ಹಾಳೆಯಾದರೆ ಅಂಟಿಸಬಹುದು. ಇದೇ ಜಿಲ್ಲೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕುರಿಯ ಉಣ್ಣೆ ಈ ಕೆಲಸಕ್ಕೆ ನಾರಿಗಿಂತ ಮೇಲು, ನುಸಿ ಹಿಡಿಯದಂತೆ ನೋಡಿಕೊಂಡರೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಎಲ್ಲಕ್ಕಿಂತ ಸುಲಭ. ಗಾಜಿನ ಉಣ್ಣೆ ಮೈಗೆ ತುರಿಕೆ, ಉಸಿರಿಗೂ ತೊಂದರೆ.

ಒಳಗೆ ಮೆತ್ತೆ ಹಾಕಿದರೆ ಗುದ್ದು ಹೆಚ್ಚುತ್ತದೆಂಬ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ. ಸೆಕೆಂಡಿಗೆ 50 ಬಾರಿ ಕಂಪಿಸುವ ಸದ್ದಿನ ಒಂದು ಅಲೆಯೇ ಸುಮಾರು 7 ಮೀಟರ್ ಉದ್ದ. ಒಂದು ಅಂಗುಲದ ನಾರು ಅದನ್ನು ಹೀರುವುದೆಂದರೆ ಕೆರೆ ಕೋಡಿಗೆ ಕರವಸ್ತ್ರ ಅಡ್ಡ ಹಿಡಿದಂತೆ. ಹೀರುವುದು ಮೇಲಿನ ಸ್ವರಗಳನ್ನಷ್ಟೇ. ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ ಇನ್ನೊಂದು ಲಾಭವಿದೆ. ಗಾಳಿ ಅದುಮಿದಾಗ ಬಿಸಿಯಾಗುತ್ತದೆ. ಸಡಿಲವಾಗಿ ತುಂಬಿದ ಎಳೆಗಳು ಆ ಬಿಸಿಯನ್ನು ಹೀರಿ, ಮರಳಿ ಕೊಡುತ್ತವೆ. ಗಾಳಿಯ ಬಿಗಿ ಕಡಿಮೆಯಾಗಿ ಪೆಟ್ಟಿಗೆ ತನ್ನ ಅಳತೆಗಿಂತ ತುಸು ದೊಡ್ಡದರಂತೆ ವರ್ತಿಸುತ್ತದೆ. ಡಿಕ್ಕಿಯಲ್ಲಿ ಜಾಗವಿಲ್ಲದವನಿಗೆ ಅದು ಸಣ್ಣ ಉಪಕಾರವಲ್ಲ. ಅತಿಯಾಗಿ ತುರುಕಿದರೆ ಸದ್ದೇ ಸತ್ತುಹೋಗುತ್ತದೆ. ಗಾಳಿ ಹೋಗಲು ಕೊಳವೆ ಇಟ್ಟ ಪೆಟ್ಟಿಗೆಯಾದರೆ ಗೋಡೆಗಷ್ಟೇ ಅಂಟಿಸಿ, ಕೊಳವೆಯ ಬಾಯಿ ಬಿಟ್ಟುಬಿಡಬೇಕು.

ನಿಜವಾದ ಕೆಲಸ ಮೆತ್ತೆಯದಲ್ಲ, ಮರದ್ದು. ಎದುರುಬದುರು ಗೋಡೆಗಳ ನಡುವೆ ಒಂದು ಅಡ್ಡಪಟ್ಟಿ ಹೊಡೆದರೆ ಹಲಗೆ ನಡುಗುವುದು ಕಡಿಮೆಯಾಗುತ್ತದೆ. ಕಂಬಳಿಯಿಂದ ಅದು ಸಾಧ್ಯವಿಲ್ಲ. ಮೂಲೆಗಳಿಗೆ ಒಳಗಿನಿಂದ ಅಂಟು ಬಳಿಯಬೇಕು. ಸದ್ದು ಹಾಕಿ ಸಂದಿಯ ಬಳಿ ಊದುಬತ್ತಿ ಹಿಡಿದರೆ ಸೋರುವ ಕಡೆ ಹೊಗೆ ನಡುಗುತ್ತದೆ.

ಇದೇ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರವಿದೆ. 1997ರಲ್ಲಿ ಶುರುವಾದ ಶಿವಸಂಚಾರ ನಾಟಕ ತಂಡದ ತವರು ಅದು. ಅಲ್ಲಿ ಮಾತು ಮೆಟ್ಟಿಲುಗಳನ್ನೇರಿ ಆಕಾಶಕ್ಕೆ ಹೋಗಿಬಿಡುತ್ತದೆ. ಗಾಡಿಯ ಸದ್ದಿಗೆ ಆ ದಾರಿಯಿಲ್ಲ. ತಗಡು, ಗಾಜು ದಾಟಿ ಬೀದಿಯ ಮನೆಗೇ ನುಗ್ಗುತ್ತದೆ. ಪೆಟ್ಟಿಗೆಯೊಳಗಿನ ಮೆತ್ತೆ ಅದನ್ನು ತಡೆಯದು. 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿದೆ. ಮಲಗಿದ ಮಗುವನ್ನು ಎಬ್ಬಿಸಲು ಅಷ್ಟೂ ಬೇಕಿಲ್ಲ.

ಪೆಟ್ಟಿಗೆ ಕೂರಿಸಿದ ಮೇಲೂ ಗಿರಾಕಿಯ ದೂರು ಬರುವುದುಂಟು: ಏನೋ ಗಡಗಡ ಅನ್ನುತ್ತಿದೆ. ಮತ್ತೆ ನಾರು ತುರುಕುವ ಮೊದಲು ಹಿಂದೆ ಹೋಗಿ ನಂಬರ್ ಪ್ಲೇಟ್ ಒತ್ತಿ ಹಿಡಿದು ನೋಡಬೇಕು. ಬಹಳ ಸಲ ಅಲ್ಲಿಗೆ ಬೇಕಾದದ್ದು ಎರಡು ರಬ್ಬರ್ ವಾಷರ್.