ಶಾಬ್ಲಿಯ ಕಲ್ಲು

ಫ್ರಾನ್ಸಿನ ಶಾಬ್ಲಿಗೆ ನಾನು ಮೊದಲು ಹೋದದ್ದು ದ್ರಾಕ್ಷಿ ಕೊಯ್ಯುವ ಕೂಲಿಗೆ. ತೊಂಬತ್ತರ ದಶಕದ ಕೊನೆ. ದಿಜೋನ್‌ನಲ್ಲಿ ಓದುತ್ತಿದ್ದೆ, ಕೈಯಲ್ಲಿ ಕಾಸಿರಲಿಲ್ಲ. ಸೆರೆನ್ ಹೊಳೆಯಾಚೆ, ಊರಿಗೆ ಎದುರಾಗಿ, ನೈಋತ್ಯಕ್ಕೆ ಮುಖಮಾಡಿದ ಗುಡ್ಡ. ಅದರ ಮೇಲೆ ಏಳು ಹೆಸರಿನ ಗ್ರಾಂ ಕ್ರ್ಯೂ, ಅಂದರೆ ಅತ್ಯುನ್ನತ ದರ್ಜೆಯ ವೈನಿನ ತೋಟಗಳು, ಎಲ್ಲ ಸೇರಿ ಸುಮಾರು 100 ಹೆಕ್ಟೇರ್. ಸೆಪ್ಟೆಂಬರ್ ಕೊನೆಯ ಬೆಳಗುಗಳಲ್ಲಿ ಕತ್ತರಿ ಹಿಡಿದ ಬೆರಳು ಮರಗಟ್ಟುತ್ತಿದ್ದವು. ಅಲ್ಲಿಂದ ನನ್ನ ಜೊತೆ ಬಂದದ್ದು ಸೊಂಟನೋವು, ಜೊತೆಗೆ ಒಂದು ಕಲ್ಲು.

ಕಲ್ಲಿನ ತುಂಬ ಅಲ್ಪವಿರಾಮದ ಆಕಾರದ ಪುಟ್ಟ ಸಿಂಪಿ ಚಿಪ್ಪುಗಳು. ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು. ಅಲ್ಲಿನ ಸುಣ್ಣಮಣ್ಣಿಗೆ ಕಿಮ್ಮೆರಿಜಿಯನ್ ಎನ್ನುತ್ತಾರೆ; ಫ್ರೆಂಚರು ಇಷ್ಟು ಬೀಗುವ ಮಣ್ಣಿಗೆ ಇಂಗ್ಲೆಂಡಿನ ಹಳ್ಳಿಯೊಂದರ ಹೆಸರು! ಸಿಂಪಿಯ ರುಚಿ ಬೇರಿನಿಂದೇರಿ ಲೋಟಕ್ಕೆ ಬರುತ್ತದೆಂದು ಪ್ರವಾಸಿಗಳಿಗೆ ಹೇಳುವುದುಂಟು. ಭೂವಿಜ್ಞಾನಿಗಳು ಒಪ್ಪುವುದಿಲ್ಲ. ಮಣ್ಣು ಹೆಚ್ಚಿನ ನೀರನ್ನು ಬಸಿಯುತ್ತದೆ, ಬೇಕಾದಷ್ಟನ್ನು ಹಿಡಿದಿಡುತ್ತದೆ. ಶಾರ್ದೊನೆ ದ್ರಾಕ್ಷಿಯ ಚುರುಕು ಹುಳಿಯನ್ನು ಉಳಿಸಿಕೊಟ್ಟದ್ದು ಚಳಿ.

ಚಳಿಯ ಕಥೆ ಹೇಳಿದ್ದು ನಾನು ದುಡಿದ ತೋಟದ ಯಜಮಾನರ ತಾಯಿ. 1957ರ ವಸಂತದಲ್ಲಿ ಹೆಪ್ಪುಗಟ್ಟಿದ ಮಂಜು ಚಿಗುರನ್ನೆಲ್ಲ ಸುಟ್ಟಿತ್ತು. ಆ ದಶಕದಲ್ಲಿ ಶಾಬ್ಲಿಯ ದ್ರಾಕ್ಷಿತೋಟ ಸುಮಾರು 500 ಹೆಕ್ಟೇರಿಗೆ ಕುಗ್ಗಿತ್ತು. ಅವರ ಮನೆಯನ್ನು ಸಾಕಿದ್ದು ಗೋಧಿ ಮತ್ತು ಹಸು. ನೆಲದ ಗುಣವೇ ವೈನಿನ ಗುಣ ಎನ್ನುವವರ 'ತೆರ್ವಾರ್' ಎಂಬ ಮಾತು ಆಕೆಯ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಆಮೇಲೆ ಮಂಜು ತಡೆಯಲು ಸಾಲುಗಳ ನಡುವೆ ಎಣ್ಣೆಯ ಒಲೆಗಳು ಬಂದವು, ನೀರು ಚಿಮ್ಮಿಸುವ ಕೊಳವೆಗಳು ಬಂದವು. ನೀರು ಗಡ್ಡೆಕಟ್ಟುವಾಗ ಬಿಡುವ ಶಾಖ ಒಳಗಿನ ಮೊಗ್ಗನ್ನು ಕಾಯುತ್ತದೆ. ಆದರೆ ನಡುರಾತ್ರಿ ನೀರು ನಿಂತಿತೋ, ಸುಮ್ಮನೆ ಬಿಟ್ಟಿದ್ದರೇ ವಾಸಿಯಿತ್ತು ಅನ್ನಿಸುವಷ್ಟು ಹಾನಿ.

ಈಗ ಶಾಬ್ಲಿಯ ತೋಟ 5,500 ಹೆಕ್ಟೇರ್ ದಾಟಿದೆ. ಕೊಯ್ಲು ಬಹುಪಾಲು ಯಂತ್ರದ್ದು. ಅದಕ್ಕೆ ನನಗೆ ಬೇಸರವಿಲ್ಲ; ನನ್ನ ಸೊಂಟವಂತೂ ಯಂತ್ರದ ಪರ. 2020ರಲ್ಲಿ ಆಗಸ್ಟ್ ಮುಗಿಯುವ ಮೊದಲೇ ಕೊಯ್ಲು ಶುರುವಾಯಿತು. ಸೆಕೆ ಹೆಚ್ಚಿದರೆ ಮಂಜಿನ ಕಾಟವಾದರೂ ತಪ್ಪೀತು ಅಂದುಕೊಂಡಿದ್ದೆ. ಆದದ್ದೇ ಬೇರೆ: ಮಾರ್ಚಿನ ಬಿಸಿಲಿಗೆ ಮೊಗ್ಗು ಬೇಗ ಒಡೆಯುತ್ತದೆ, ಏಪ್ರಿಲ್ ಮಂಜು ತನ್ನ ಹಳೆಯ ವೇಳೆಗೇ ಬರುತ್ತದೆ. 2021ರ ಏಪ್ರಿಲ್ ಮೊದಲ ವಾರದಲ್ಲಿ ಹಾಗೇ ಆಯಿತು.

ಹೋದ ಸಲ ನೋಡಿದಾಗ ಆ ಮನೆಯ ದನದ ಕೊಟ್ಟಿಗೆ ವೈನಿನ ರುಚಿ ನೋಡುವ ಕೋಣೆಯಾಗಿತ್ತು. ನಾನು ತಂದಂಥದೇ ಕಲ್ಲೊಂದು ಗಾಜಿನ ಪೆಟ್ಟಿಗೆಯೊಳಗೆ, ದೀಪದ ಕೆಳಗೆ. ನನ್ನದು ಮೈಸೂರಿನ ಮನೆಯಲ್ಲಿ ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ತಡೆಯುತ್ತದೆ.