ವಾರಕ್ಕೊಂದೇ ಸೂಜಿ

25 ಫೆಬ್ರವರಿ 2025, ಸಾಲ್ಮಿಯಾ, ಕುವೈತ್

ರಾಷ್ಟ್ರೀಯ ದಿನದ ರಜೆ. ಗಲ್ಫ್ ರಸ್ತೆಯಲ್ಲಿ ಕಾರುಗಳ ಹಾರ್ನ್ ನಿಂತಿಲ್ಲ. ಬ್ರಹ್ಮಾವರದಿಂದ ಅಮ್ಮನ ಫೋನು: "ವಾರಕ್ಕೊಂದೇ ಇನ್ಸುಲಿನ್ ಬಂದಿದೆಯಂತಲ್ಲ ಮಗಾ? ಅಲ್ಲಿ ಸಿಕ್ಕಿದ್ರೆ ಬರುವಾಗ ತಕ್ಕೊಂಡು ಬಾ."

ಅವರು ಹೇಳಿದ್ದು ಐಕೋಡೆಕ್. ಯುರೋಪ್ ಕಳೆದ ಮೇ ತಿಂಗಳಲ್ಲಿ ಒಪ್ಪಿತು, ಅಮೆರಿಕದ ಎಫ್‌ಡಿಎ ಜುಲೈಯಲ್ಲಿ ವಾಪಸು ಕಳಿಸಿತು. ರಕ್ತದಲ್ಲಿರುವ ಆಲ್ಬುಮಿನ್‌ಗೆ ಅಂಟಿ ಕೂತು, ಚೂರು ಚೂರೇ ಬಿಡಿಸಿಕೊಂಡು ಕೆಲಸ ಮಾಡುವ ಇನ್ಸುಲಿನ್ ಅದು. ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ವರ್ಷಕ್ಕೆ 365 ಸೂಜಿಯ ಬದಲು 52. ಹೊಟ್ಟೆ, ತೊಡೆ ಎಲ್ಲ ಚುಚ್ಚಿ ಗಟ್ಟಿಯಾದವರಿಗೆ ಆಸೆ ಹುಟ್ಟದೆ ಇದ್ದೀತೇ?

4 ಮಾರ್ಚ್

ರಂಜಾನ್ ಶುರುವಾಗಿದೆ. ಕ್ಲಿನಿಕ್ಕಿಗೆ ಬಂದ ಮುದುಕರೊಬ್ಬರು, "ಸಿಸ್ಟರ್, ಅಸರ್ ನಮಾಜಿನ ಹೊತ್ತಿಗೆ ಕೈ ನಡುಗಿತು" ಎಂದರು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಉಪವಾಸ ಮುರಿಯಲೇಬೇಕು ಎಂದು ಹೇಳಿಕೊಟ್ಟಿದ್ದೆವು. ಇಫ್ತಾರ್‌ಗೆ ಇನ್ನೇನು ಸ್ವಲ್ಪ ಹೊತ್ತು ಎಂದು ಕಾದರಂತೆ, ಹಟಮಾರಿ! ಡಾಕ್ಟರು ಇನ್ಸುಲಿನ್ ಇಳಿಸಿದರು. ದಿನದ ಇನ್ಸುಲಿನ್ನಾದ್ದರಿಂದ ಇಳಿಸಿದ್ದು ಬೇಗ ಗೊತ್ತಾಗುತ್ತದೆ.

ವಾರದ್ದಾಗಿದ್ದರೆ? ಸೋಮವಾರ ಚುಚ್ಚಿದ್ದನ್ನು ಮಂಗಳವಾರ ಯಾರು ಹೊರಗೆ ತೆಗೆಯುತ್ತಾರೆ? ಟೈಪ್ 1 ರೋಗಿಗಳ ಮೇಲೆ ನಡೆದ ಆನ್‌ವರ್ಡ್ಸ್ 6 ಪ್ರಯೋಗದಲ್ಲಿ ಐಕೋಡೆಕ್ ಪಡೆದವರಿಗೇ ಸಕ್ಕರೆ ಹೆಚ್ಚು ಸಲ ಕುಸಿಯಿತು. ವಯಸ್ಕರಲ್ಲಿ ಹೆಚ್ಚುಕಡಿಮೆ ನಾಲ್ವರಿಗೆ ಒಬ್ಬರು ಮಧುಮೇಹಿಗಳಿರುವ ದೇಶ ಇದು. 2006ರಲ್ಲಿ ಈ ಕಾಯಿಲೆಗೆಂದೇ ದಸ್ಮಾನ್ ಸಂಸ್ಥೆ ತೆರೆದರು. ಇಲ್ಲಿ ಉಪವಾಸದ ಲೆಕ್ಕ ಬಿಟ್ಟು ಇನ್ಸುಲಿನ್ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ.

14 ಮಾರ್ಚ್, ಶುಕ್ರವಾರ

ಐಟಿಸಿಎ 650 ಬಗ್ಗೆ ಓದಿದೆ. ಬೆಂಕಿಕಡ್ಡಿಯಷ್ಟು ಉದ್ದದ ಟೈಟೇನಿಯಂ ಕೊಳವೆ, ಹೊಟ್ಟೆಯ ಚರ್ಮದಡಿ ಇಡುವುದು. ಒಂದು ತುದಿಯ ಪೊರೆಯಿಂದ ಮೈಯ ನೀರು ಒಳಗೆ ಇಳಿಯುತ್ತದೆ, ಅಲ್ಲಿನ ಉಪ್ಪು ಉಬ್ಬಿ ಪಿಸ್ಟನ್ ತಳ್ಳುತ್ತದೆ, ಇನ್ನೊಂದು ತುದಿಯಿಂದ ಎಕ್ಸೆನಟೈಡ್ ಎಂಬ ಮಧುಮೇಹದ ಔಷಧಿ ತಿಂಗಳುಗಟ್ಟಲೆ ಒಸರುತ್ತದೆ. ಬ್ಯಾಟರಿ ಇಲ್ಲ, ಫ್ರಿಜ್ ಹಂಗಿಲ್ಲ. 2016ರ ಜುಲೈಯಲ್ಲಿ ಮಿತ್ರಿಬಾದಲ್ಲಿ ಸುಮಾರು 54 ಡಿಗ್ರಿ ಸುಟ್ಟ ದೇಶ ಇದು. ಕಾರಿನಲ್ಲಿ ಮರೆತ ಪೆನ್ ಇನ್ಸುಲಿನ್ ಹಾಳಾಗಿ ಬಂದವರನ್ನು ಪ್ರತಿ ಬೇಸಿಗೆ ನೋಡುತ್ತೇನೆ.

ಆದರೆ ಎಫ್‌ಡಿಎ 2017ರಲ್ಲಿ ಬೇಡವೆಂದಿತು, 2020ರಲ್ಲೂ ಬೇಡವೆಂದಿತು. 2023ರಲ್ಲಿ ಸಲಹಾ ಸಮಿತಿಯ 19 ಮಂದಿಯೂ ವಿರುದ್ಧ ಮತ ಹಾಕಿದರು. ಮೂತ್ರಪಿಂಡಕ್ಕೆ, ಹೃದಯಕ್ಕೆ ತೊಂದರೆ, ಔಷಧಿ ಒಂದೇ ಹದದಲ್ಲಿ ಬರುತ್ತಿಲ್ಲವೆಂಬ ಅನುಮಾನ. ಸರಿಯಾಗಿಯೇ ಮಾಡಿದರು. ಆದರೂ ಅದರ ಒಂದು ಗುಣ ನನಗೆ ಹಿಡಿಸಿತು: ಬೇಡವಾದರೆ ಸಣ್ಣದಾಗಿ ಕೊಯ್ದು ಹೊರಗೆಳೆಯಬಹುದು. ವಾರದ ಸೂಜಿಗೆ ಆ ದಾರಿಯೇ ಇಲ್ಲ.

ತೆಗೆಯಬಹುದು ನಿಜ, ತೆಗೆಯಲು ಬಲ್ಲವರು ಹತ್ತಿರವಿದ್ದರೆ. 90ರ ದಶಕದಲ್ಲಿ ಅಮೆರಿಕದ ಹೆಂಗಸರು ನಾರ್‌ಪ್ಲಾಂಟ್ ಎಂಬ ಗರ್ಭನಿರೋಧಕದ ವಿರುದ್ಧ ಕೋರ್ಟಿಗೆ ಹೋದಾಗ, ತೋಳಿನ ಆರು ಕಡ್ಡಿ ತೆಗೆಸಿಕೊಳ್ಳುವ ಯಾತನೆಯೂ ದೂರಿನಲ್ಲಿತ್ತು.

29 ಮಾರ್ಚ್

ನಾಳೆ ಈದ್ ಎಂದು ಘೋಷಣೆಯಾಯಿತು. ಅಮ್ಮನಿಗೆ ಹೇಳಿದೆ: "ಈಗಿರುವುದೇ ಇರಲಿ ಅಮ್ಮ, ನೀವು ಒಂದು ಹೊತ್ತು ಗಂಜಿ ಬಿಟ್ಟರೂ ಅಳತೆ ಬದಲಿಸಬಹುದು." ಏಕಾದಶಿಯ ಮಾತು ನಾನು ಎತ್ತಲಿಲ್ಲ, ಅವರಿಗೇ ಅರ್ಥವಾಯಿತು.

ಮುಂದಿನ ರಂಜಾನ್ ಫೆಬ್ರವರಿ ನಡುವಿಗೆ ಬರುತ್ತದೆ. ಐಕೋಡೆಕ್‌ನ ಅಳತೆ ಬದಲಿಸಿದರೆ ಅದು ಮೈಯಲ್ಲಿ ನೆಲೆಗೊಳ್ಳಲು ಮೂರು ನಾಲ್ಕು ವಾರ. ಅಷ್ಟರಲ್ಲಿ ಅದು ಕ್ಲಿನಿಕ್ಕಿಗೆ ಬಂದಿದ್ದರೆ ನಮ್ಮ ಉಪವಾಸದ ಪಾಠ ಜನವರಿಯಲ್ಲೇ ಶುರುವಾಗಬೇಕು.