ಗುಲ್ಮಾರ್ಗ್‌ನ ಹಿಮ, ತಂಗಿಯ ಮಣಿಕಟ್ಟು

ಗುಲ್ಮಾರ್ಗ್‌ಗೆ ಹೊರಡೋ ಮುಂಚೆ ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೆ. ಜಾಕೆಟ್, ಪ್ಯಾಂಟು, ಕನ್ನಡಕ, ಗ್ಲೌಸ್, ಎಲ್ಲಕ್ಕೂ ಒಂದೊಂದು ಸಾಲು. ಕೊನೆಯ ಸಾಲಿನಲ್ಲಿ ‘ರಿಸ್ಟ್ ಗಾರ್ಡ್, 2 ಜೊತೆ’ ಅಂತಿತ್ತು. ಅಂಗಡಿಯಲ್ಲಿ ಅದನ್ನು ತಿರುಗಿಸಿ ನೋಡಿ, “ಇದು ಮಕ್ಕಳು ಸ್ಕೇಟಿಂಗ್ ಕ್ಲಾಸಿಗೆ ಹಾಕ್ಕೊಂಡು ಹೋಗೋದಲ್ವಾ?” ಅಂತ ನಕ್ಕು ವಾಪಸ್ ಇಟ್ಟವಳು ನಾನೇ. ಜಾಕೆಟ್ಟಿಗೆ ಆಗಲೇ ಬಜೆಟ್ ಮೀರಿತ್ತು. ಫೋಟೋದಲ್ಲಿ ಕಾಣೋದು ಅದೇ ತಾನೆ!

ಪಕ್ಕದಲ್ಲಿದ್ದ ತಂಗಿ, “ನೀನು ಹೇಳಿದ್ರೆ ಸರಿ ಅಕ್ಕ” ಅಂದಳು. ಅವಳು ಹಲ್ಲಿನ ಡಾಕ್ಟರು. ಸಾಲ ಮಾಡಿ ಮೈಸೂರಿನಲ್ಲಿ ಸ್ವಂತ ಕ್ಲಿನಿಕ್ ತೆರೆದು ಆಗಿನ್ನೂ ಎಂಟು ತಿಂಗಳು.

ನಾವು ಹೋಗಿದ್ದು ಜನವರಿಯಲ್ಲಿ, ಕಾಶ್ಮೀರದವರು ಚಿಲ್ಲೈ ಕಲಾನ್ ಅನ್ನುವ ನಲವತ್ತು ದಿನಗಳ ಕಡುಚಳಿಯ ನಡುವೆ. ಗುಲ್ಮಾರ್ಗ್ ಇರೋದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಮ್ಮ ಇಬ್ಬರ ಬ್ಯಾಗಿಗೂ ಹತ್ತಿ ಬನಿಯನ್ ತುರುಕಿದ್ದಳು, “ಥರ್ಮಲ್ ಒಳಗೆ ಇದೊಂದು ಇರಲಿ, ಬೆಚ್ಚಗಿರುತ್ತೆ” ಅಂತ. ನಾನು ಹಾಕಿಕೊಂಡೆ. ಸ್ನೋಬೋರ್ಡ್ ಕಲಿಯೋರು ಜಾರೋದಕ್ಕಿಂತ ಬೀಳೋದು, ಏಳೋದು, ಬೋರ್ಡು ಹೊತ್ತು ಮತ್ತೆ ದಿಬ್ಬ ಹತ್ತೋದೇ ಹೆಚ್ಚು. ಹನ್ನೊಂದು ಗಂಟೆಗೆಲ್ಲ ಬೆನ್ನಲ್ಲಿ ಬೆವರು ಇಳೀತಿತ್ತು. ಅದು ಪರವಾಗಿರಲಿಲ್ಲ. ಆಮೇಲೆ ನಮ್ಮ ಸರದಿಗೆ ಕಾಯ್ತಾ ಹತ್ತು ನಿಮಿಷ ಹಿಮದ ಮೇಲೆ ಕೂತೆವು ನೋಡಿ, ಒದ್ದೆ ಬನಿಯನ್ ಐಸ್ ಪಟ್ಟಿಯಾಯಿತು. ಹತ್ತಿ ಬೆವರು ಹೀರುತ್ತೆ, ಆದರೆ ಬೇಗ ಒಣಗಲ್ಲ. ಒದ್ದೆ ಬಟ್ಟೆ ಮೈ ಶಾಖವನ್ನೆಲ್ಲ ಎಳೆದುಕೊಳ್ಳುತ್ತೆ. ಜಾಕೆಟ್ ಎಷ್ಟು ಸಾವಿರದ್ದಾದರೂ ಒಳಗೆ ನಡುಕ ನಿಲ್ಲಲಿಲ್ಲ.

ತಂಗಿ ಬನಿಯನ್ ಹಾಕಿರಲಿಲ್ಲ. ಮೈಗಂಟುವ ತೆಳು ಮೆರಿನೋ ಉಣ್ಣೆಯ ಬೇಸ್ ಲೇಯರ್, ಮೇಲೊಂದು ಫ್ಲೀಸ್, ಅದರ ಮೇಲೆ ಜಾಕೆಟ್. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತೆ, ಮೂರು ದಿನ ಹಾಕಿದರೂ ಅಷ್ಟು ವಾಸನೆ ಬರಲ್ಲ. ನನ್ನ ಹತ್ತಿರ ಇದ್ದಿದ್ದು ಪಾಲಿಯೆಸ್ಟರ್‌ದು. ಅಗ್ಗ, ಬೇಗ ಒಣಗುತ್ತೆ. ವಾಸನೆ ಮಾತ್ರ ಕೇಳಬೇಡಿ. ಆದರೂ ಮರುದಿನ ಬನಿಯನ್ ತೆಗೆದು ಅದೊಂದನ್ನೇ ಹಾಕಿದಾಗ ನಾನೂ ಮನುಷ್ಯಳಾದೆ. ಕಾಲುಚೀಲಾನೂ ಅಷ್ಟೇ. ಎರಡು ಜೊತೆ ಹಾಕಿದರೆ ಬೂಟಿನೊಳಗೆ ಮಡಿಕೆ ಬಿದ್ದು ಬೊಬ್ಬೆ ಬರುತ್ತೆ, ಬೂಟು ಬಿಗಿಯಾಗಿ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತೆ. ಮೊಣಕಾಲ ಹತ್ತಿರದವರೆಗೆ ಬರುವ ಒಂದೇ ಜೊತೆ ಸಾಕು.

ಚಳಿಯ ಲೆಕ್ಕ ಹೀಗೆ ಸರಿಹೋಯಿತು. ಬೀಳೋದರ ಲೆಕ್ಕ ನಾನು ಹಾಕಿರಲೇ ಇಲ್ಲ.

ಹಿಮ ದೂರದಿಂದ ನೋಡೋಕೆ ಹತ್ತಿ. ಜನ ಜಾರಿ ಜಾರಿ ಗಟ್ಟಿಯಾದ ಇಳಿಜಾರಿನಲ್ಲಿ ಬಿದ್ದರೆ ಸಿಮೆಂಟು. ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರೋದರಿಂದ ಆಯ ತಪ್ಪಿದಾಗ ಹೆಜ್ಜೆ ಮುಂದಿಟ್ಟು ಬಚಾವಾಗೋಕೆ ಆಗಲ್ಲ. ಹಿಮ್ಮಡಿ ಕಡೆಯ ಅಂಚು ಸಿಕ್ಕಿಕೊಂಡರೆ ಹಿಂದಕ್ಕೆ, ಬಾಲಮೂಳೆಯ ಮೇಲೆ. ಬೆರಳ ಕಡೆಯ ಅಂಚು ಸಿಕ್ಕಿಕೊಂಡರೆ ಮುಂದಕ್ಕೆ, ಮೊಣಕಾಲಿನ ಮೇಲೆ. ಎರಡರಲ್ಲೂ ಕೈ ತಾನಾಗೇ ನೆಲಕ್ಕೆ ಹೋಗುತ್ತೆ. ಹೊಸದಾಗಿ ಸ್ನೋಬೋರ್ಡ್ ಕಲಿಯೋರಿಗೆ ಹೆಚ್ಚಾಗಿ ಪೆಟ್ಟಾಗೋದು ಮಣಿಕಟ್ಟಿಗೇ. “ಮುಷ್ಟಿ ಮುಚ್ಚಿ, ಮುಂಗೈ ಮೇಲೆ ಬೀಳಿ” ಅಂತ ಹೇಳಿಕೊಡುವವರು ನೂರು ಸಲ ಹೇಳಿದ್ದರು. ಬೀಳುವಾಗ ಯಾರಿಗೆ ನೆನಪಿರುತ್ತೆ?

ಎರಡನೇ ದಿನ ಮಧ್ಯಾಹ್ನ ತಂಗಿ ಹಿಂದಕ್ಕೆ ಬಿದ್ದಳು. ಅಂಥಾ ಜೋರಿನ ಬೀಳು ಕೂಡ ಅಲ್ಲ. ನಾನು ನಗ್ತಾ ಫೋನ್ ಹಿಡಿದು ವಿಡಿಯೋ ಮಾಡ್ತಿದ್ದೆ. ಅವಳು ಏಳಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದು, “ಅಕ್ಕಾ, ಇದು ಬರೀ ಉಳುಕಲ್ಲ” ಅಂದಳು, ಡಾಕ್ಟರ ದನಿಯಲ್ಲಿ. ಕೆಳಗೆ ಟಂಗ್‌ಮರ್ಗ್‌ಗೆ ಇಳಿದು ಎಕ್ಸ್‌ರೇ ತೆಗೆಸಿದಾಗ ಮಣಿಕಟ್ಟಿನ ಹತ್ತಿರ ಮೂಳೆ ಮುರಿದಿತ್ತು.

ಆರು ವಾರ ಪ್ಲಾಸ್ಟರ್. ಆಮೇಲೆ ವ್ಯಾಯಾಮ. ಕೈಯಲ್ಲೇ ಕೆಲಸ ಮಾಡೋಳು ಅವಳು. ಬುಕ್ ಆಗಿದ್ದ ಪೇಷೆಂಟುಗಳನ್ನು ಗೆಳತಿಯೊಬ್ಬಳ ಕ್ಲಿನಿಕ್ಕಿಗೆ ಕಳಿಸಿದಳು. ಅವರಲ್ಲಿ ಕೆಲವರು ವಾಪಸ್ ಬರಲೇ ಇಲ್ಲ. ಎರಡು ತಿಂಗಳ ಇಎಂಐ ನಾನು ಕಟ್ಟಿದೆ. ಅದನ್ನು ಅವಳು ಕೇಳಿರಲಿಲ್ಲ. ಆ ಅಂಗಡಿಯ ಮಾತನ್ನು ಒಂದು ಸಲವೂ ಎತ್ತಲಿಲ್ಲ ಕೂಡ. ಬೈದಿದ್ದರೆ ಚೆನ್ನಾಗಿತ್ತು. ಆ ವಿಡಿಯೋ ಇನ್ನೂ ನನ್ನ ಫೋನಲ್ಲಿದೆ, ಡಿಲೀಟ್ ಮಾಡೋಕೂ ಆಗಿಲ್ಲ, ನೋಡೋಕೂ ಆಗಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಅವಳೇ ಫೋನ್ ಮಾಡಿದಳು. “ಜನವರಿಗೆ ಟಿಕೆಟ್ ನೋಡು. ಲಿಸ್ಟ್ ಮಾತ್ರ ಈ ಸಲ ನಂದು.”

ಅವಳ ಲಿಸ್ಟಿನಲ್ಲಿ ಜಾಕೆಟ್ಟೇ ಇರಲಿಲ್ಲ. ರಿಸ್ಟ್ ಗಾರ್ಡ್, ಅದು ಒಳಗೆ ಹಿಡಿಸುವಷ್ಟು ದೊಡ್ಡ ಗ್ಲೌಸ್, ಮೊಣಕಾಲಿನ ಪ್ಯಾಡು, ಸೊಂಟಕ್ಕೂ ಬಾಲಮೂಳೆಗೂ ಮೆತ್ತೆ ಇರುವ ಶಾರ್ಟ್ಸ್. ಹೆಲ್ಮೆಟ್ ಬೋರ್ಡಿನ ಜೊತೆ ಬಾಡಿಗೆಗೆ. ಬೇಸ್ ಲೇಯರ್ ಮೇಲೆ ಪ್ಯಾಡು, ಪ್ಯಾಡಿನ ಮೇಲೆ ಪ್ಯಾಂಟು. ನನ್ನ ಹಳೇ ಪ್ಯಾಂಟು ಅದರ ಮೇಲೆ ಏರಲೇ ಇಲ್ಲ. ಎಲ್ಲಾ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ಎದ್ದು ನೋಡಿ ಒಂದು ಸೈಜ್ ದೊಡ್ಡದು ತಗೊಂಡೆ.

ಹೊರಡುವ ಹಿಂದಿನ ದಿನ ಹಾಲ್‌ನಲ್ಲಿ ಇಬ್ಬರೂ ಪೂರ್ತಿ ಸಜ್ಜಾಗಿ ನಿಂತೆವು, ಗೊಂಬೆ ಕುಣಿತದ ಗೊಂಬೆಗಳ ಹಾಗೆ. ತಂಗಿ ನೋಡ್ತಾ ನೋಡ್ತಾನೇ ಮೊಸಾಯಿಕ್ ನೆಲದ ಮೇಲೆ ಧಡಕ್ಕನೆ ಕೂತಳು.

“ಏನ್ರೇ ಅದು ಬಿದ್ದಿದ್ದು?” ಅಡುಗೆಮನೆಯಿಂದ ಅಮ್ಮ ಕೂಗಿದಳು.

“ನಾನೇ ಅಮ್ಮ. ಏನೂ ಆಗಲಿಲ್ಲ,” ಅಂದಳು ತಂಗಿ. ನನ್ನ ಕಡೆ ತಿರುಗಿ, “ಈಗ ನೀನು ಬೀಳು” ಅಂದಳು.